ಹೂವಲ್ಲ ಎಂದ ಮೇಷ್ಟ್ರು

ನಮ್ಮ ವಿಜ್ಞಾನದ ಮೇಷ್ಟ್ರ ಮುಖ ಗೋಧಿ ಬಣ್ಣದ್ದು, ಕುತ್ತಿಗೆಯ ಹಿಂಭಾಗ ಮಾತ್ರ ಒಲೆಯ ಮೇಲಿನ ಹಂಚಿನಷ್ಟು ಕಪ್ಪು. ಕಾರಣ ಸರಳ. ಅವರು ಜೀವಮಾನವಿಡೀ ನೆಲ ನೋಡುತ್ತಲೇ ನಡೆದವರು. ನಮ್ಮ ಕಡೆಯ ಬಿಸಿಲಿಗೆ ಅವರ ಮುಖ ಸಿಕ್ಕಿದ್ದು ಕಡಿಮೆ, ಕುತ್ತಿಗೆ ಸಿಕ್ಕಿದ್ದೇ ಹೆಚ್ಚು. ರಸ್ತೆಯಲ್ಲಿ, ಹೊಲದ ಬದುವಿನಲ್ಲಿ, ಬಸ್ ಸ್ಟ್ಯಾಂಡಿನ ಜಲ್ಲಿಯ ಮೇಲೆ, ಎಲ್ಲಿ ಹೋದರೂ ಗದ್ದವನ್ನು ಎದೆಗೆ ತಾಗಿಸಿಕೊಂಡೇ ಹೋಗುತ್ತಿದ್ದರು. ಎದುರಿಗೆ ಬಂದವರು ತಾವೇ ಪಕ್ಕಕ್ಕೆ ಸರಿಯಬೇಕಿತ್ತು. "ಏನ್ ಕಳಕೊಂಡ್ರಿ ಮೇಷ್ಟ್ರ?" ಎಂದು ಕೇಳಿದವರಿಗೆ, "ನಾನಲ್ಲಪಾ, ಮತ್ಯಾರೋ ಕಳಕೊಂಡಾರ. ಸಿಗ್ತೈತೇನೋ ಅಂತ ನೋಡಾಕತ್ತೀನಿ" ಎಂದು ಹೇಳಿ ಮುಂದಕ್ಕೆ ಹೋಗಿಬಿಡುತ್ತಿದ್ದರು.

ಅವರು ಹುಟ್ಟಿದ್ದು ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿಯಲ್ಲಿ. ಹೆಚ್ಚಿನ ಸರ್ವಿಸು ಮಾಡಿದ್ದು ನಮ್ಮ ಹಡಗಲಿಯ ಹೈಸ್ಕೂಲಿನಲ್ಲಿ. ರಿಟೈರಾದ ಮೇಲೆ ಕೊಟ್ಟೂರಿನಲ್ಲಿ ಸಣ್ಣದೊಂದು ಮನೆ ಮಾಡಿಕೊಂಡು ಹೆಂಡತಿಯೊಂದಿಗೆ ಇದ್ದರು. ನಮ್ಮದು ಹಡಗಲಿಯಲ್ಲಿ ಮಲ್ಲಿಗೆ ತೋಟ. ಅಪ್ಪ ಹೂವು ಬೆಳೆದರು, ನಾನು ಕಟ್ಟಿಸಿದ ಹೂವನ್ನು ಮದುವೆ ಮಂಟಪಗಳಿಗೆ ಏರಿಸುವ ಡೆಕೋರೇಷನ್ ಕೆಲಸ ಹಿಡಿದೆ. ಹರಪನಹಳ್ಳಿಯಿಂದ ಕೂಡ್ಲಿಗಿಯವರೆಗೆ ನಾನು ಹೂವು ಕಟ್ಟದ ಮಂಟಪ ಇಲ್ಲ ಎಂದು ನನಗೆ ಸ್ವಲ್ಪ ಜಂಬವೂ ಇದೆ. ಮೇಷ್ಟ್ರು ಮಾತ್ರ ನನ್ನನ್ನು ಕಡೆಯವರೆಗೂ ಕರೆದದ್ದು ಕ್ಲಾಸಿನಲ್ಲಿ ಇಟ್ಟ ಹೆಸರಿನಿಂದಲೇ, "ಹೂವಿನವನೇ" ಎಂದು.

ಆ ಹೆಸರು ಬಂದದ್ದು ಒಂಬತ್ತನೇ ಕ್ಲಾಸಿನಲ್ಲಿ. ಪ್ರಾಣಿಗಳ ವರ್ಗೀಕರಣದ ಪಾಠ. ಪುಸ್ತಕದಲ್ಲಿ ನಕ್ಷತ್ರ ಮೀನಿನ ಪಕ್ಕದಲ್ಲಿ ಕಡಲ ಲಿಲ್ಲಿ ಎಂಬ ಒಂದೇ ಒಂದು ಪದ ಇತ್ತು. ಬೇರೆ ಮೇಷ್ಟ್ರಾದರೆ ಅದನ್ನು ಓದಿ ಮುಂದಿನ ಸಾಲಿಗೆ ಹೋಗುತ್ತಿದ್ದರು. ನಮ್ಮವರು ಅಲ್ಲಿಯೇ ನಿಂತುಬಿಟ್ಟರು. ಬೋರ್ಡಿನ ಮೇಲೆ ಉದ್ದನೆಯ ದಂಟು ಬರೆದರು, ತುದಿಯಲ್ಲಿ ಅರಳಿದ ಹೂವಿನಂಥದ್ದೊಂದನ್ನು ಬರೆದು, "ಏನಿದು?" ಎಂದು ನನ್ನ ಕಡೆ ಬೆರಳು ಮಾಡಿದರು. ಮಲ್ಲಿಗೆ ತೋಟದ ಹುಡುಗ ಇನ್ನೇನು ಹೇಳಿಯಾನು? "ಹೂವುರಿ ಸರ್" ಎಂದೆ.

"ನಿಮ್ಮ ತೋಟದಾಗ ಮಲ್ಲಿಗಿ ಊಟ ಮಾಡ್ತಾವೇನಲೇ?"

"ಇಲ್ರಿ ಸರ್."

"ಇದು ಮಾಡ್ತೈತಿ. ಇದಕ್ಕ ಬಾಯಿ ಐತಿ, ಹೊಟ್ಟಿ ಐತಿ. ಈ ಎಸಳು ಅಂತ ನೀ ತಿಳ್ಕೊಂಡೀಯಲ್ಲ, ಅವು ಎಸಳಲ್ಲ, ಕೈ. ನೀರಿನಾಗ ಬಂದಿದ್ದನ್ನ ಹಿಡುದು ಬಾಯಿಗೆ ಹಾಕ್ಕೊಂತೈತಿ. ಬಾಯಿ ಇದ್ದದ್ದು ಹೂವು ಹೆಂಗಾತಲೇ ಹೂವಿನವನೇ?"

ಇಡೀ ಕ್ಲಾಸು ನಕ್ಕಿತು. ಅಲ್ಲಿಗೆ ನನ್ನ ನಾಮಕರಣ ಮುಗಿಯಿತು.

ಈ ಒಂದು ವಿಷಯದಲ್ಲಿ ಅವರು ಬಹಳ ಖಡಕ್ಕು. ಕಾಗುಣಿತ ತಪ್ಪಿದರೆ ಕ್ಷಮಿಸುತ್ತಿದ್ದರು, ಹೋಂವರ್ಕ್ ಮಾಡದೆ ಬಂದರೂ ಗೊಣಗಿ ಬಿಡುತ್ತಿದ್ದರು. ಪರೀಕ್ಷೆಯಲ್ಲಿ ಕಡಲ ಲಿಲ್ಲಿಯನ್ನು ಹೂವು ಎಂದು ಬರೆದವನಿಗೆ ಮಾತ್ರ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ. "ಕಂಡಂಗ ಕರಿಯಾಕ ಇಸ್ಕೂಲ್ ಯಾಕ ಬೇಕು?" ಎನ್ನುತ್ತಿದ್ದರು. ಇನ್ನೊಂದು ಮಾತು, "ಮುಟ್ಟಿದಿಯೇನು?" ಯಾರು ಏನೇ ಹೊಸದು ಹೇಳಿದರೂ ಅವರ ಮೊದಲ ಪ್ರಶ್ನೆ ಅದೇ. ನಾನು ಮೈಲಾರದ ಹತ್ತಿರ ಹೊಳೆಯಲ್ಲಿ ಕಂಡ ನೀರುನಾಯಿಯ ಬಗ್ಗೆ ಕಣ್ಣರಳಿಸಿ ಹೇಳಿದಾಗಲೂ ಅದನ್ನೇ ಕೇಳಿದರು. ನೀರುನಾಯಿಯನ್ನು ಮುಟ್ಟುವವರು ಯಾರು?

ಅವರು ಆ ಪಾಠ ಮಾಡಿದ ರೀತಿಯನ್ನು ನಮ್ಮ ಬ್ಯಾಚಿನವರು ಇವತ್ತಿಗೂ ಮರೆತಿಲ್ಲ. ಕಬಡ್ಡಿ ಅಂಕಣಕ್ಕೆಂದು ಇಟ್ಟಿದ್ದ ಸುಣ್ಣದ ಪುಡಿಯ ಚೀಲವನ್ನು ಪಿ.ಟಿ. ಮೇಷ್ಟ್ರಿಗೆ ಹೇಳದೆ ಕೇಳದೆ ಎತ್ತಿಕೊಂಡು ಬಂದು, ಆಟದ ಮೈದಾನದ ತುಂಬ ಹಳೆಯ ಕಾಲದ ಕಡಲುಗಳನ್ನು ಬರೆದರು. ಈಗಿನ ಭೂಪಟಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಮೊದಲು ನಾಲ್ಕೈದು ಹುಡುಗರನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ ಕೈ ಮೇಲೆತ್ತಿಸಿದರು. ಇವು ಮೊದಲ ಕಡಲ ಲಿಲ್ಲಿಗಳು, ಸುಮಾರು ನಲವತ್ತೆಂಟು ಕೋಟಿ ವರ್ಷದ ಹಿಂದಿನವು. ಆಮೇಲೆ ಒಬ್ಬೊಬ್ಬರನ್ನಾಗಿ ಸೇರಿಸುತ್ತ ಸೇರಿಸುತ್ತ ಮೈದಾನವನ್ನೆಲ್ಲ ತುಂಬಿಸಿದರು. "ಈಗ ಕಡಲ ತಳ ಅಂದ್ರ ಬರೇ ಇವ. ಅಡವಿ ನೋಡ್ರಿ, ಅಡವಿ. ನಮ್ಮ ಗುಡೇಕೋಟೆ ಕರಡಿ ಬಂದ್ರೂ ದಾರಿ ತಪ್ಪಬೇಕು." ನಾವು ಕೈ ಎತ್ತಿ ತೂಗಾಡುತ್ತಿದ್ದೆವು. ಬಿಸಿಲು ನೆತ್ತಿ ಸುಡುತ್ತಿತ್ತು.

ಆಮೇಲೆ ಅವರು ಮಾತಾಡದೆ ನಮ್ಮ ನಡುವೆ ನಡೆಯತೊಡಗಿದರು. ತಲೆ ಮುಟ್ಟಿಸಿಕೊಂಡವರು ಕುಳಿತುಕೊಳ್ಳಬೇಕು. ಒಬ್ಬೊಬ್ಬರೇ ಕುಳಿತರು. ನನ್ನ ತಲೆಯನ್ನೂ ಮುಟ್ಟಿದರು. ಕೊನೆಗೆ ನಿಂತದ್ದು ಇಬ್ಬರು ಹುಡುಗಿಯರು ಮಾತ್ರ. ಇಪ್ಪತ್ತೈದು ಕೋಟಿ ವರ್ಷದ ಹಿಂದೆ ಭೂಮಿಯ ಮೇಲಿನ ಜೀವವೆಲ್ಲ ಹೆಚ್ಚುಕಡಿಮೆ ಮಣ್ಣುಪಾಲಾದ ಕಾಲ ಅದು ಎಂದರು. "ಇವತ್ತು ಕಡಲಾಗ ಎಷ್ಟು ಲಿಲ್ಲಿ ಅದಾವೋ ಅವೆಲ್ಲ ಈ ಇಬ್ರ ಮೊಮ್ಮಕ್ಕಳು" ಎಂದು ಆ ಹುಡುಗಿಯರ ಕಡೆ ತೋರಿಸಿದಾಗ ಅವರಿಬ್ಬರೂ ನಾಚಿ ನೀರಾದರು. ಮುಂದಿನದು ನನ್ನ ಪಾತ್ರ. ಬಿದಿರಿನ ಗಳ ಹಿಡಿದು ನಾನು ಮೈದಾನದ ಈ ತುದಿಯಿಂದ ಆ ತುದಿಗೆ ಓಡಬೇಕು, ನಾಲ್ಕು ಮಂದಿ ಅದಕ್ಕೆ ಜೋತುಬೀಳಬೇಕು. ಕೆಲವು ಲಿಲ್ಲಿಗಳು ಕಡಲಿಗೆ ಬಿದ್ದ ಮರದ ದಿಮ್ಮಿಗಳಿಗೆ ತಲೆಕೆಳಗಾಗಿ ಅಂಟಿಕೊಂಡು ದೇಶ ದೇಶ ಸುತ್ತಿದ್ದವಂತೆ. "ನಿಮ್ಮೂರ ಹೂವು ಹಡಗಿನ್ಯಾಗ ಹಂಪಿಗೆ ಹೋಗ್ತಿದ್ವು ಅಂತಾರಲ್ಲ, ಇವು ಅದಕ್ಕಿಂತ ಮದ್ಲ ಹಡಗು ಹತ್ತಿದ್ವು" ಎಂದು ನಕ್ಕರು. ಆಮೇಲೆ ಏಡಿ, ಮೀನುಗಳ ಕಾಟಕ್ಕೆ ದಂಟಿರುವ ಲಿಲ್ಲಿಗಳು ಆಳದ ಕತ್ತಲಿಗೆ ಸರಿದವು, ದಂಟು ಬಿಟ್ಟುಕೊಟ್ಟವು ದಂಡೆಯ ಹತ್ತಿರ ಉಳಿದವು. ಅಷ್ಟರಲ್ಲಿ ಪಿ.ಟಿ. ಮೇಷ್ಟ್ರು ಸುಣ್ಣದ ಖಾಲಿ ಚೀಲ ಹಿಡಿದುಕೊಂಡು ಬಂದರು, ವಿಕಾಸದ ಪಾಠ ಅಲ್ಲಿಗೆ ನಿಂತಿತು.

ವಾಪಸು ಬರುವಾಗ ಆ ಇಬ್ಬರಲ್ಲಿ ಒಬ್ಬ ಹುಡುಗಿ ಕೇಳಿದಳು, "ನಮ್ಮ ಕಡಿ ಸಿಗ್ತಾವೇನ್ರಿ ಸರ್?"

"ಇಲ್ಲವ್ವ. ನಮ್ಮ ಕಲ್ಲು ಭಾಳ ಹಳೇವು. ಪ್ರಾಣಿ ಅಂಬೋದು ಹುಟ್ಟಾಕಿಂತ ಮದ್ಲ ಗಟ್ಟಿಯಾಗಿ ಕುಂತಾವು" ಎಂದರು. ಹೇಳುವಾಗ ಮೇಷ್ಟ್ರ ಕಣ್ಣು ನೆಲದ ಮೇಲೆಯೇ ಇತ್ತು.

ಅದು ಅವರ ನೋವು. ಪಳೆಯುಳಿಕೆ ಎಂದರೆ ಜೀವ ಬಿಡುವ ಮನುಷ್ಯ, ಪಳೆಯುಳಿಕೆಯೇ ಇರಲಾರದ ನೆಲದಲ್ಲಿ ಹುಟ್ಟಿದ್ದರು. ಇಲ್ಲವೆಂದು ಗೊತ್ತಿದ್ದೂ ಹುಡುಕುತ್ತಿದ್ದರು. ಕೂಡ್ಲಿಗಿಯ ಗುಡ್ಡ, ಹರಪನಹಳ್ಳಿಯ ಕೆರೆ ಏರಿ, ಹಗರಿ ಹಳ್ಳದ ಪಾತ್ರ, ಯಾವುದನ್ನೂ ಬಿಟ್ಟಿರಲಿಲ್ಲ. ಒಮ್ಮೆ ಹರಪನಹಳ್ಳಿ ಕಡೆಯ ರೈತರೊಬ್ಬರು ಬಟ್ಟೆಯಲ್ಲಿ ಸುತ್ತಿಕೊಂಡು ಒಂದು ಕಲ್ಲು ತಂದರು. ಅದರ ಮೇಲೆ ಎಳೆಯ ಗಿಡದ ಟೊಂಗೆಗಳಂತೆ ಕಪ್ಪು ಗುರುತು. ಮನೆಯ ದೇವರ ಜಗಲಿಯ ಮೇಲೆ ಇಟ್ಟು ಪೂಜೆ ಮಾಡುತ್ತಿದ್ದರಂತೆ. ಮೇಷ್ಟ್ರು ನೀರು ಹಾಕಿ, ಬೆರಳಾಡಿಸಿ, ಕಲ್ಲನ್ನು ಅವರ ಕೈಗೆ ವಾಪಸಿಟ್ಟರು. "ಗಿಡ ಅಲ್ಲಪಾ ಇದು. ಕಲ್ಲಿನ ಸಂದಿಯಾಗ ಮ್ಯಾಂಗನೀಸ್ ನೀರು ಇಳುದು ಹಿಂಗ ಬರದೈತಿ" ಎಂದರು. ರೈತರ ಮುಖ ಸಪ್ಪಗಾಯಿತು. ಅವರು ಹೋದ ಮೇಲೆ ಮೇಷ್ಟ್ರ ಮನೆಯವರು, "ಗಿಡ ಇರಬೌದು ಅಂದಿದ್ರ ನಿಮ್ಮ ಗಂಟು ಏನ್ ಹೋಗ್ತಿತ್ತು?" ಎಂದು ಸಿಡುಕಿದರು. "ಗಿಡ ಅಲ್ವಲ್ಲ" ಎಂದಷ್ಟೇ ಹೇಳಿ ಮೇಷ್ಟ್ರು ಹೊರಗೆ ಹೋದರು.

ಕಲ್ಲಾದ ಕಡಲ ಲಿಲ್ಲಿಯನ್ನು ನಿಜವಾಗಿ ಮುಟ್ಟಬೇಕು, ತಾನು ಪಾಠ ಮಾಡಿದ ಮಕ್ಕಳಿಗೂ ಮುಟ್ಟಿಸಬೇಕು ಎಂಬುದು ಅವರ ಜೀವನದ ಒಂದೇ ಹಂಬಲವಾಗಿತ್ತು. ಹಿಮಾಲಯದ ಸ್ಪಿತಿಯಲ್ಲಿ ಇದೆ, ಗುಜರಾತಿನ ಕಛ್‌ನಲ್ಲಿ ಇದೆ, ಹತ್ತಿರವೆಂದರೆ ತಮಿಳುನಾಡಿನ ಅರಿಯಲೂರಿನಲ್ಲಿ ಇದೆ ಎನ್ನುತ್ತಿದ್ದರು. ಅರಿಯಲೂರಿಗೆ ಹೊರಟಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಒಮ್ಮೆ ಚುನಾವಣೆ ಡ್ಯೂಟಿ, ಒಮ್ಮೆ ಮಗಳ ಬಾಣಂತನ, ಒಮ್ಮೆ ಅವರದೇ ಕಾಲುಮುರಿತ. ಕಾಲು ಮುರಿದದ್ದೂ ನೆಲ ನೋಡುತ್ತ ಗುಂಡಿ ಕಾಣದೆ ಬಿದ್ದು! ಆನ್‌ಲೈನ್‌ನಲ್ಲಿ ಒಂದನ್ನು ತರಿಸಿಕೊಂಡರು. ಡಬ್ಬ ಒಡೆದು, ಉಗುರಿನಿಂದ ಗೀರಿ, ಬೆರಳಿಗೆ ಬಂದ ಬಿಳಿ ಪುಡಿಯನ್ನು ನೋಡಿ, "ಪ್ಲಾಸ್ಟರ್ ಆಫ್ ಪ್ಯಾರಿಸ್" ಎಂದು ಪಕ್ಕಕ್ಕಿಟ್ಟರು. ಅವತ್ತು ಅವರು ಮಧ್ಯಾಹ್ನದ ಊಟ ಮಾಡಲಿಲ್ಲವೆಂದು ಅಮ್ಮ ಹೇಳಿದರು. ಅವರ ಹೆಂಡತಿಯನ್ನು ನಾನು ಅಮ್ಮ ಎಂದೇ ಕರೆಯುವುದು.

ಹೀಗಿರುವಾಗ ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಮದುವೆ. ಹುಡುಗ ಮೇಷ್ಟ್ರ ಹಳೆಯ ಶಿಷ್ಯ. ಡೆಕೋರೇಷನ್ ನನ್ನದು. ಮಂಟಪ ಹೊಸದಾಗಿ ಕಟ್ಟಿದ್ದು. ಅದರ ಯಜಮಾನರು ಶೇಂಗಾ, ಮೆಕ್ಕೆಜೋಳದ ವ್ಯಾಪಾರದವರು. ಎಲ್ಲರೂ ಸಾವ್ಕಾರ್ರು ಎಂದೇ ಕರೆಯುವುದು. ಆಚಾರವಂತರು, ಮನೆಯಲ್ಲಿ ನಿತ್ಯ ಲಿಂಗಪೂಜೆ. ಮೊಟ್ಟೆ ತಿಂದು ಬಂದ ಕೆಲಸದವನನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಆದರೆ ಮಾತು ಮೆತ್ತಗೆ. ನನ್ನಂಥ ಕೆಲಸದವರಿಗೂ ಕುರ್ಚಿ ಹಾಕಿಸಿ ಊಟಕ್ಕೆ ಕೂರಿಸುವ ಮನುಷ್ಯ. ಮಂಟಪಕ್ಕೆ ಹಾಕಿದ್ದ ಕಪ್ಪು ಬೂದಿ ಬಣ್ಣದ ಕಲ್ಲಿನ ಬಗ್ಗೆ ಅವರಿಗೆ ಬಲು ಹೆಮ್ಮೆ. ರಾಜಸ್ಥಾನದ ಕಿಶನ್‌ಗಢಕ್ಕೆ ತಾವೇ ಹೋಗಿ ಆರಿಸಿ ತಂದದ್ದು. ಅದರಲ್ಲಿ ಬಿಳಿಯ ಬಳೆ, ಚುಕ್ಕೆಗಳ ಚಿತ್ತಾರ ಇತ್ತು. ಅದರ ಮೇಲೆ ನಾನು ಎಷ್ಟೋ ಸಲ ಹೂವಿನ ಬುಟ್ಟಿ ಇಳಿಸಿದ್ದೆ.

ಮೇಷ್ಟ್ರು ಊಟ ಮುಗಿಸಿ ಕೈ ತೊಳೆದು ಬರುತ್ತಿದ್ದರು. ಕೈಯಿಂದ ತೊಟ್ಟಿಕ್ಕಿದ ನೀರು ನೆಲದ ಮೇಲೆ ಬಿದ್ದು, ಧೂಳು ಸರಿದು, ಕಲ್ಲು ಅಷ್ಟಗಲ ಕಪ್ಪಗೆ ಹೊಳೆಯಿತು. ಅವರು ನೆಲ ನೋಡಿಕೊಂಡೇ ಬರುತ್ತಿದ್ದರಲ್ಲ, ಅಲ್ಲಿಯೇ ನಿಂತರು. ಆಮೇಲೆ ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿಯೇ ಮಂಡಿಯೂರಿದರು. "ಅಯ್ಯ, ಮೇಷ್ಟ್ರು ಬಿದ್ರಲ್ಲ, ಹಿಡೀರಿ" ಎಂದು ಯಾರೋ ಓಡಿ ಬಂದರು. ಮೇಷ್ಟ್ರು ಅವರ ಕೈ ಸರಿಸಿ ನನ್ನನ್ನು ಕೂಗಿದರು.

"ಹೂವಿನವನೇ, ನೀರು ತಗೊಂಡ್ ಬಾ."

ಹೂವಿಗೆ ಚಿಮುಕಿಸಲು ಇಟ್ಟಿದ್ದ ಬಕೆಟ್ ತಂದೆ. ನೆಲದ ಮೇಲೆ ಹೊಯ್ದೆ. ಒಂದೊಂದೇ ಎದ್ದು ಬಂದವು. ನಡುವೆ ತೂತಿರುವ ಬಿಳಿ ಬಿಲ್ಲೆಗಳು, ಐದು ಮೂಲೆಯ ನಕ್ಷತ್ರದ ಬಿಲ್ಲೆಗಳು, ಬಿಲ್ಲೆಯ ಮೇಲೆ ಬಿಲ್ಲೆ ಕೂತ ದಂಟುಗಳು. ಒಂದು ಕಡೆ, ವೇದಿಕೆಯ ಮೆಟ್ಟಿಲ ಹತ್ತಿರ, ದಂಟಿನ ತುದಿಯಲ್ಲಿ ಅರೆಬಿರಿದ ಒಂದು ತಲೆ. ಒಂಬತ್ತನೇ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಅವರು ಬರೆದದ್ದೇ ಅಲ್ಲಿ ಮಲಗಿತ್ತು. ಮೇಷ್ಟ್ರು ಆ ದಂಟಿನ ಮೇಲೆ ಬೆರಳಿಟ್ಟು ಬುಡದಿಂದ ತುದಿಯವರೆಗೆ ನಿಧಾನವಾಗಿ ಎಳೆದರು. ಮತ್ತೆ ಎಳೆದರು. ಅವರ ಮೂಗಿನ ತುದಿಯಿಂದ ನೀರು ಇಳಿಯುತ್ತಿತ್ತು, ಅದು ಕಣ್ಣೀರೆಂದು ನನಗೆ ತಡವಾಗಿ ತಿಳಿಯಿತು.

ಮಕ್ಕಳು ಸುತ್ತುಗಟ್ಟಿದವು. ಮೇಷ್ಟ್ರು ಒಬ್ಬೊಬ್ಬರ ಬೆರಳು ಹಿಡಿದು ಮುಟ್ಟಿಸತೊಡಗಿದರು. ಗಲಾಟೆ ಕೇಳಿ ಸಾವ್ಕಾರ್ರು ಬಂದರು. ತಮ್ಮ ಕಲ್ಲನ್ನು ಜನ ಮಂಡಿಯೂರಿ ನೋಡುತ್ತಿರುವುದನ್ನು ಕಂಡು ಅವರ ಮುಖ ಅರಳಿತು.

"ಹೂವಿನ ಕಲ್ಲು ಅಂತ ಹೇಳಿ ಕೊಟ್ಟಾರ್ರಿ ಮೇಷ್ಟ್ರ. ಹೊರದೇಶದ್ದಂತ. ಮದುವಿ ಮಂಟಪಕ್ಕ ಹೂವಿನ ಕಲ್ಲು ಚಲೋ ಅಂತ ನಾನೂ ತಂದೆ."

ಇಲ್ಲಿ ಮೇಷ್ಟ್ರು ಹೌದ್ರಿ ಎಂದಿದ್ದರೆ ಸಾಕಿತ್ತು. ನಾನು ಅವರ ತೋಳು ಚಿವುಟಿದೆ. ಆದರೆ ಇಡೀ ಜೀವಮಾನದ ಮಾತು ಅವರ ಬಾಯಿಂದ ತಾನಾಗಿಯೇ ಬಂದುಬಿಟ್ಟಿತು. ಅದೂ ಎಷ್ಟು ಸಂತೋಷದಿಂದ!

"ಹೂವಲ್ರಿ ಸಾವ್ಕಾರ್ರ. ಪ್ರಾಣಿ ಇವು."

"ಪ್ರಾಣಿ ಅಂದ್ರ?"

"ಪ್ರಾಣಿ ಅಂದ್ರ ಪ್ರಾಣಿ. ಜೀವ ಇದ್ದವು. ಕಡಲಾಗ ಅಡವಿ ಅಡವಿನ ಇದ್ವು. ಎಲ್ಲಾ ಸತ್ತು ಕೆಸರಿನಾಗ ಬಿದ್ದು ಕಲ್ಲಾಗ್ಯಾವು. ನೀವು ನಿಂತೀರಲ್ಲ, ಅದು ಅವುಗಳ ಎಲುಬಿನ ರಾಶಿ ನೋಡ್ರಿ. ಯೂರೋಪೋ ಅಮೆರಿಕಾವೋ ಯಾವ ಕಡಲಿಂದೋ ಗೊತ್ತಿಲ್ಲ. ಆಗಿನ ಕಾಲಕ್ಕ ಇವು ಇಲ್ಲದ ಕಡಲಾ ಇರ್ಲಿಲ್ಲ."

ಸಾವ್ಕಾರ್ರು ಸದ್ದಿಲ್ಲದೆ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಸರಿದ ಕಡೆಯೂ ಅದೇ ಕಲ್ಲು. ಹತ್ತಿರ ನಿಂತಿದ್ದ ಮದುಮಗಳ ಅಜ್ಜಿ ಕೈಯಲ್ಲಿದ್ದ ತಾಟನ್ನು ಎದೆಗೆ ಒತ್ತಿಕೊಂಡು, "ಯವ್ವಾ, ಎಲುಬಿನ ಮ್ಯಾಲೆ ಕುಂದ್ರಿಸಿ ಮಕ್ಕಳಿಗೆ ಅಕ್ಕಿಕಾಳು ಹಾಕಿದಂಗಾತಲ್ಲ" ಎಂದರು. ದೊಡ್ಡ ದನಿಯಲ್ಲೇನೂ ಅಲ್ಲ. ಆದರೂ ಆ ಮಾತು ಊಟದ ಹಾಲಿನವರೆಗೆ ಹೋಯಿತು.

ಮೇಷ್ಟ್ರಿಗೆ ಇದರ ಪರಿವೆಯೇ ಇರಲಿಲ್ಲ. ಅವರು ಮಗುವೊಂದರ ಬೆರಳನ್ನು ನಕ್ಷತ್ರದ ಬಿಲ್ಲೆಯ ಮೇಲೆ ಇಟ್ಟು ಮೂಲೆಗಳನ್ನು ಎಣಿಸುತ್ತಿದ್ದರು.

ಮುಂದಿನ ದಿನಗಳಲ್ಲಿ ಅವರು ಹದಿನೆಂಟರ ಹುಡುಗನಾದರು. ಆಷಾಢದಲ್ಲಿ ಮದುವೆಗಳಿಲ್ಲ, ಮಂಟಪ ಖಾಲಿ ಇರುತ್ತದೆ. ಆಗ ನಮ್ಮ ಸುತ್ತಿನ ಐದೂ ತಾಲ್ಲೂಕುಗಳ ಶಾಲೆಯ ಮಕ್ಕಳನ್ನು ಸರದಿಯಂತೆ ಕರೆತಂದು ಮುಟ್ಟಿಸಬೇಕು ಎಂಬುದು ಅವರ ಲೆಕ್ಕ. ತಾವೇ ಬಸ್ಸು ಹತ್ತಿ ಹೆಡ್‌ಮಾಸ್ಟರುಗಳನ್ನು ಕಂಡು ಒಪ್ಪಿಸಿದರು. ಕೂಡ್ಲಿಗಿಯ ಮಕ್ಕಳು ಮೊದಲು, ಹಡಗಲಿಯವರು ಕಡೆಗೆ. "ನಿಮ್ಮೂರವ್ರು ಹೂವು ಕಂಡವ್ರು, ಕಾಯ್ತಾರ" ಎಂದು ನನ್ನನ್ನು ಕೆಣಕಿದರು. ಫೋಟೋ ತೆಗೆದು ತೋರಿಸಿದರೆ ಸಾಲದೇ ಎಂದು ನಾನು ಕೇಳಿದ್ದಕ್ಕೆ, "ಮೂವತ್ತು ವರ್ಷ ಚಿತ್ರಾನ ತೋರಿಸೀನಲೋ" ಎಂದರು.

ಅತ್ತ ಹಗರಿಬೊಮ್ಮನಹಳ್ಳಿಯಲ್ಲಿ ಮಾತು ಕಾಳ್ಗಿಚ್ಚಾಗಿತ್ತು. ಪ್ರಾಣಿ ಎಂಬುದು ಹೆಣವಾಯಿತು, ಕಡಲು ಎಂಬುದು ಸ್ಮಶಾನವಾಯಿತು. ಗೊತ್ತುಮಾಡಿದ್ದ ಎರಡು ಮದುವೆಗಳು ಬೇರೆ ಮಂಟಪಕ್ಕೆ ಹೋದವು. ಸಾವ್ಕಾರ್ರು ತಮ್ಮ ಮನೆತನದ ಗುರುಗಳಾದ ಅಯ್ಯನವರನ್ನು ಕರೆಸಿ ಕೇಳಿದರು. ಅಯ್ಯನವರು ತಿಳಿದವರು, "ಕಲ್ಲಾದ ಮ್ಯಾಲೆ ಏನು ಮೈಲಿಗಿರಿ?" ಎಂದರು. ಆದರೆ ಹೆಣ್ಣುಹೆತ್ತವರ ಮನಸ್ಸಿನ ಅಳುಕನ್ನು ಯಾವ ಅಯ್ಯನವರು ತೆಗೆದಾರು? ನನ್ನೆದುರಿಗೇ ಒಬ್ಬ ತಾಯಿ ಮಂಟಪ ನೋಡಲು ಬಂದು, ಚಪ್ಪಲಿ ಬಿಟ್ಟವಳು ಮತ್ತೆ ಚಪ್ಪಲಿ ಮೆಟ್ಟಿ ಒಳಗೆ ಹೋದಳು. ಮಂಟಪದೊಳಗೆ ಚಪ್ಪಲಿ ಮೆಟ್ಟಿ ನಡೆದದ್ದನ್ನು ಸಾವ್ಕಾರ್ರು ನೋಡಿದರು.

ಆಷಾಢ ಹಿಡಿಯಿತು. ನನ್ನ ಕಬ್ಬಿಣದ ಕಮಾನುಗಳನ್ನು ತರಲು ಮಂಟಪಕ್ಕೆ ಹೋದವನು ನೋಡುತ್ತೇನೆ, ಪಡಸಾಲೆಯಲ್ಲಿ ಬಿಳಿ ಟೈಲ್ಸಿನ ಡಬ್ಬಗಳನ್ನು ಗೋಡೆಯೆತ್ತರ ಪೇರಿಸಿದ್ದಾರೆ. ಕಲ್ಲಿನ ಮೇಲೆಯೇ ಅಂಟು ಬಳಿದು ಟೈಲ್ಸ್ ಕೂರಿಸುವುದಂತೆ. ಮೇಸ್ತ್ರಿಗಳು ಬಂದು ಸುಮ್ಮನೆ ಕೂತಿದ್ದರು, ಕೆಲಸ ಶುರುವಾಗಿರಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿದೆ.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಅವರು ಬಂದರು. ನಾನು ಸ್ಟ್ಯಾಂಡಿನಿಂದ ಕರೆದುಕೊಂಡು ಹೋದೆ. ಮಂಟಪದ ಗೇಟಿನ ಹತ್ತಿರ ಹೋದವರು ಒಳಗೆ ಕಾಲಿಡಲಿಲ್ಲ, ರಸ್ತೆ ದಾಟಿ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತರು. ಆ ಕಡೆ ಮಂಟಪದ ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ಸಾವ್ಕಾರ್ರು ಕುಳಿತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವರು ಕುಳಿತಲ್ಲಿಂದಲೇ ಕೈ ಮುಗಿದರು, ಇವರೂ ಮುಗಿದರು. ನಡುವೆ ಲಾರಿಗಳು ಓಡಾಡುತ್ತಿದ್ದವು.

"ಸರ್, ಎಲ್ಲಾ ಬ್ಯಾಡ. ವೇದಿಕಿ ಮೆಟ್ಟಿಲ ಹತ್ರದ್ದು ಒಂದು ಕಲ್ಲು ಎತ್ತಿ ಕೊಡ್ರಿ ಅಂತ ಕೇಳ್ರಿ" ಎಂದೆ.

"ಯಾವ ಮುಖ ಇಟ್ಕೊಂಡು ಕೇಳ್ಲಿ? ನನ್ನ ಬಾಯಿಂದ ಆ ಮನುಷ್ಯಾನ ಮಂಟಪದ ಮರ್ಯಾದಿ ಹೋಗೈತಿ. ಅಂಥಾದ್ರಾಗ ಮತ್ತ ಅವನ ನೆಲಾನ ಒಡದು ಕೊಡು ಅನ್ಲೇನು?"

"ನಾ ಕೇಳ್ತೀನಿ ತಗಳ್ರಿ."

ಅವರು ನನ್ನ ಮುಂಗೈ ಹಿಡಿದುಕೊಂಡರು. "ಬ್ಯಾಡ. ನಿನ್ನ ಅನ್ನ ಆ ಮಂಟಪದಾಗ ಐತಿ. ನೀ ಕೇಳಿದ್ರ ನಾ ಮತ್ತ ನಿನ್ನ ಮಾರಿ ನೋಡಾಂಗಿಲ್ಲ."

ನನಗೆ ಸಿಟ್ಟು ಬಂತು. ಇಷ್ಟು ವರ್ಷ ಹುಡುಕಿದ್ದು ರಸ್ತೆಯಾಚೆ ಬಿದ್ದಿದೆ, ಹೋಗಿ ಒಂದು ಮಾತು ಕೇಳಲು ಈ ಮನುಷ್ಯನಿಗೆ ಏನು ಧಾಡಿ ಎನ್ನಿಸಿತು. ಅವರು ಚಹಾ ತಣ್ಣಗಾಗುವವರೆಗೂ ಲೋಟ ಹಿಡಿದುಕೊಂಡೇ ಇದ್ದರು. ಆಮೇಲೆ, ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದ ಹಾಗೆ, "ಹೂವು ಅಂದಿದ್ರ ಉಳೀತಿದ್ವು" ಎಂದರು. ಲೋಟವನ್ನು ಬೆಂಚಿನ ಮೇಲಿಟ್ಟು, "ಅನ್ನಾಕ ಬಾಯಿ ಬರ್ಲಿಲ್ಲ ನೋಡು" ಎಂದರು. ಎದ್ದು, ಮತ್ತೊಮ್ಮೆ ಆ ಕಡೆ ಕೈ ಮುಗಿದು, ಕೊಟ್ಟೂರಿನ ಬಸ್ಸು ಹತ್ತಿದರು. ಟೈಲ್ಸಿನ ಕೆಲಸ ಅದರ ಮರುದಿನ ಶುರುವಾಯಿತು.

ಆಮೇಲೆ ಹೆಡ್‌ಮಾಸ್ಟರುಗಳಿಗೆ ಅವರೇ ಫೋನ್ ಮಾಡಿ ಪ್ರವಾಸ ಇಲ್ಲವೆಂದು ಹೇಳಿದರು. ಯಾಕೆಂದು ಹೇಳಲಿಲ್ಲ. ಯಾವುದಾದರೂ ಶಾಲೆಯವರು ಕರೆದರೆ ಹೋಗುತ್ತಿದ್ದರು, ಮಳೆಯ ಬಗ್ಗೆ, ಗ್ರಹಣದ ಬಗ್ಗೆ ಚೆನ್ನಾಗಿಯೇ ಮಾತಾಡುತ್ತಿದ್ದರಂತೆ. ಕಡಲ ಲಿಲ್ಲಿಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ನಾನು ಹೋದಾಗಲೆಲ್ಲ ಅಮ್ಮ ಒಳಗೆ ಕರೆದು, "ಅದನ್ನ ತೆಗೀಬ್ಯಾಡಪ" ಎಂದು ಮೊದಲೇ ಎಚ್ಚರಿಸುತ್ತಿದ್ದರು. ಒಮ್ಮೆ ಅವರನ್ನು ನಗಿಸಲೆಂದು, "ಸರ್, ಮತ್ತೆ ಕೆಸರಿನ ಕೆಳಗ ಹೋದ್ವು ಅಂತ ತಿಳ್ಕೊಳ್ರಿ, ಅವಕ್ಕ ರೂಢಿ ಐತಿ" ಎಂದೆ. ಅವರು ನಗಲಿಲ್ಲ. "ಅವಕ್ಕ ಐತಿ" ಎಂದರು.

ಹೋದ ಚಳಿಗಾಲದ ಒಂದು ಬೆಳಗಿನ ಜಾವ ಅವರು ನಿದ್ದೆಯಲ್ಲಿಯೇ ಹೋದರು. ಅಮ್ಮ ಮೊದಲು ಫೋನ್ ಮಾಡಿದ್ದು ಮಗಳಿಗೆ, ಆಮೇಲೆ ನನಗೆ. ಹೊಸಹಳ್ಳಿಯ ಅವರ ಹೊಲದಲ್ಲಿ ಮಣ್ಣು. ಮೇಷ್ಟ್ರನ್ನು ಕೂರಿಸಿ ಒಯ್ಯುವ ವಿಮಾನಕ್ಕೆ ನಾನೇ ಹೂವು ಕಟ್ಟಿದೆ. ಮೂರು ತಾಸು ಕಟ್ಟಿದೆ, ಕೆಲಸದವರನ್ನು ಮುಟ್ಟಗೊಡಲಿಲ್ಲ.

ಮಣ್ಣಿಗೆ ಐದೂ ತಾಲ್ಲೂಕಿನಿಂದ ಶಿಷ್ಯರು ಬಂದಿದ್ದರು. ಮೈದಾನದಲ್ಲಿ ಕಡೆಯವರೆಗೂ ನಿಂತಿದ್ದ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಮಗಳನ್ನು ಕರೆದುಕೊಂಡು ಹರಪನಹಳ್ಳಿಯಿಂದ ಬಂದಿದ್ದಳು. ಗುಂಪಿನ ಹಿಂದೆ, ಹಾರ ಹಿಡಿದುಕೊಂಡು, ಸಾವ್ಕಾರ್ರು ನಿಂತಿದ್ದರು. ಅವರು ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಸರದಿ ಬಂದಾಗ ಅವರೂ ಬಗ್ಗಿ ಮೂರು ಹಿಡಿ ಮಣ್ಣು ಹಾಕಿದರು. ಆಮೇಲೆ ಕೈ ತೊಳೆಯಲು ನಾನಿದ್ದ ಕೊಡದ ಹತ್ತಿರ ಬಂದವರು, ಕೈ ಚಾಚದೆ ಹಾಗೆಯೇ ನಿಂತರು.

"ಆವತ್ತು ಚಾ ಕುಡದು ಹೋಗಿಬಿಟ್ರಲ್ಲಪಾ ಮೇಷ್ಟ್ರು" ಎಂದರು.

ನಾನು ಚೊಂಬು ಕೈಗೆ ತೆಗೆದುಕೊಂಡೆ.

"ಟೈಲ್ಸ್ ಬಂದು ಬಿದ್ದು ಎಂಟು ದಿನ ಆಗಿತ್ತು. ಮೇಸ್ತ್ರಿಗಳಿಗೆ ಕೈ ಹಚ್ಚಬ್ಯಾಡ್ರಿ ಅಂದು ಕುಂದ್ರಿಸಿದ್ದೆ. ಮೇಷ್ಟ್ರು ಬರ್ತಾರ, ಕೇಳ್ತಾರ, ಆ ವೇದಿಕಿ ಮೆಟ್ಟಿಲ ಹತ್ರದ ಕಲ್ಲು ಎತ್ತಿಸಿ ಕೊಟ್ಟು ಆಮ್ಯಾಲೆ ಕೆಲಸ ಹಿಡಿದ್ರಾತು ಅಂತ. ದಿನಾ ಬಾಗಲಾಗ ಕುರ್ಚಿ ಹಾಕ್ಕೊಂಡು ಕುಂತಿರ್ತಿದ್ದೆ. ಬಂದ್ರು, ಕೈ ಮುಗುದ್ರು, ಹೋದ್ರು."

"ನೀವ ಕಳಿಸಿಕೊಡಬೌದಿತ್ತಲ್ರಿ" ಎಂದೆ.

"ಹೆಂಗ ಕಳಿಸ್ಲಿ ಹೇಳು. ಸತ್ತವುಗಳ ಎಲುಬು ಅಂತ ಅವ್ರ ಹೇಳ್ಯಾರ. ಅಂಥಾದ್ದನ್ನ ನಾನಾಗಿ ಇನ್ನೊಬ್ರ ಮನಿ ಬಾಗಿಲಿಗೆ ಹೊರಿಸಿ ಕಳಿಸೋದೇನು? ಮನಿಯಾಗಿನ ಆ ತಾಯಿ ಏನ್ ಅಂದ್ಕೊಂಡಾಳು? ಕೇಳಿ ಒಯ್ದ್ರ ಬ್ಯಾರೆ ಮಾತು. ಕೇಳ್ತಾರಂತ ನೋಡಿದೆ, ನೋಡಿದೆ."

ಈಗ ತೆಗೆಸಲಾಗದೇ ಎಂದು ನಾನು ಕೇಳಿದೆ. ಅವರು ತಲೆ ಅಲ್ಲಾಡಿಸಿದರು. ಹಿಂದಿನ ವಾರ ಒಂದು ಟೈಲ್ ಎಬ್ಬಿಸಿ ನೋಡಿಸಿದ್ದರಂತೆ. ಅಂಟು ಹಿಡಿದುಕೊಂಡು ಕೆಳಗಿನ ಕಲ್ಲು ಚೂರು ಚೂರಾಗಿ ಮೇಲೆ ಬಂತಂತೆ. ಅದನ್ನು ಮೇಷ್ಟ್ರಿಗೆ ಹೇಗೆ ತಿಳಿಸುವುದು ಎಂದು ಅವರು ಯೋಚಿಸುತ್ತಿರುವಾಗಲೇ ಈ ಸುದ್ದಿ ಬಂದಿತ್ತು.

"ಒಂದು ಮಾತು ಕೇಳಬೇಕಿತ್ತು ಅವ್ರು" ಎಂದು ಸಾವ್ಕಾರ್ರು ಮಣ್ಣು ಮೆತ್ತಿದ ಎರಡೂ ಕೈಗಳನ್ನು ಮುಂದೆ ಚಾಚಿದರು.

ರಸ್ತೆಯಾಚೆ ಕುಳಿತು, ಯಾವ ಮುಖ ಇಟ್ಟುಕೊಂಡು ಕೇಳಲಿ ಎಂದು ಮೇಷ್ಟ್ರು ಹೇಳಿದ್ದು ನನ್ನ ನಾಲಗೆಯ ತುದಿಗೆ ಬಂತು. ಹೇಳಿದ್ದರೆ ಆ ಮನುಷ್ಯ ಅಲ್ಲಿಯೇ ಕುಸಿದು ಕೂರುತ್ತಿದ್ದರು. "ಅವ್ರಿಗೆ ಆವತ್ತು ಬಸ್ಸಿಗೆ ಹೊತ್ತಾಗಿತ್ರಿ" ಎಂದೆ. ಕೊಡದಿಂದ ಚೊಂಬಿನಲ್ಲಿ ನೀರು ಮೊಗೆದು, ಅವರ ಕೈಮೇಲಿನ ಮಣ್ಣು ಹೋಗುವವರೆಗೂ ಹಾಕಿದೆ.